ರಾಜಧಾನಿಯಲ್ಲಿ ಟವೆಲ್ ಹಾಕಿ ಹಿಡಿದ ಸೀಟು

ಟ್ರಾಯ್

ನಮ್ಮಪ್ಪ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ. ಹೊರಲು ಮೂಟೆಯಿಲ್ಲದ ಹೊತ್ತಿನಲ್ಲಿ ಸೀಟು ಹಿಡಿದುಕೊಡುತ್ತಿದ್ದ. ಬಸ್ಸು ಇನ್ನೂ ಪೂರ್ತಿ ನಿಂತಿರುತ್ತಿರಲಿಲ್ಲ, ಅಷ್ಟರಲ್ಲಿ ಅವನ ಕೈ ಕಿಟಕಿಯೊಳಗೆ ಹೋಗಿ ಸೀಟಿನ ಮೇಲೊಂದು ಟವೆಲ್ ಬಿದ್ದಿರುತ್ತಿತ್ತು. ಆಮೇಲೆ ಯಾರು ಬಂದು ಕೇಳಿದರೂ ಒಂದೇ ಮಾತು: "ಜನ ಇದಾರೆ." ಅಲ್ಲಿ ಜನ ಇರುತ್ತಿರಲಿಲ್ಲ, ಟವೆಲ್ ಇರುತ್ತಿತ್ತು. ಆದರೂ ಆ ಮಾತನ್ನು ಇಡೀ ಬಸ್ಸು ಒಪ್ಪುತ್ತಿತ್ತು. ಆ ದುಡಿಮೆಯಲ್ಲೇ ನಾನು ಎಂ.ಎಸ್ಸಿ.ವರೆಗೆ ಓದಿದೆ. ನಮ್ಮ ವಂಶದಲ್ಲಿ ಡಿಗ್ರಿ ಎಂಬ ಕಾಗದವನ್ನು ಮೊದಲು ಮುಟ್ಟಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದೆ ಎಂದು ಹೇಳಿಕೊಳ್ಳಲೂ ಸಂಕೋಚವಿಲ್ಲ.

ಇದನ್ನೆಲ್ಲ ಮೊದಲೇ ಏಕೆ ಹೇಳಿದೆನೆಂದರೆ, ಅಮೆರಿಕದಲ್ಲಿ ನನಗಾದ ದೊಡ್ಡ ಆಘಾತಕ್ಕೆ ಅಮೆರಿಕ ಅರ್ಧ ಕಾರಣ, ಟವೆಲ್ ಅರ್ಧ ಕಾರಣ.

ನಾನು ಹೋದದ್ದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ನಡೆದ ವಿಜ್ಞಾನ ಶಿಕ್ಷಕರ ಸಮಾವೇಶಕ್ಕೆ. ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾ ಇಪ್ಪತ್ತೆರಡು ವರ್ಷದಲ್ಲಿ ನಾನೊಂದು ಡಬ್ಬಿ ಕಟ್ಟಿದ್ದೇನೆ. ಸ್ಟೀಲಿನ ಡಬ್ಬಿ. ಒಳಗೆ ತೊಳೆದಿಟ್ಟ ಇಂಜೆಕ್ಷನ್ ಬಾಟಲಿಗಳು, ಸಲೈನ್ ಪೈಪಿನ ತುಂಡುಗಳು, ತಾಮ್ರದ ತಂತಿ, ಪೆನ್ಸಿಲ್ಲಿನ ಕಡ್ಡಿ, ಒಂದು ಚೌಕದ ಬ್ಯಾಟರಿ, ಅರಿಸಿನ ಹಚ್ಚಿ ಒಣಗಿಸಿದ ಕಾಗದದ ಪಟ್ಟಿಗಳು. ಪ್ರಯೋಗಶಾಲೆಯೇ ಇಲ್ಲದ ಕಾಲೇಜುಗಳಲ್ಲಿ ಮಕ್ಕಳು ಇದರಿಂದ ಹದಿನಾಲ್ಕು ಪ್ರಯೋಗ ಮಾಡಬಹುದು. ಇದನ್ನು ತೋರಿಸಿ ಎಂದು ಪತ್ರ ಬಂತು. ಹನ್ನೆರಡು ನಿಮಿಷ ಕೊಟ್ಟಿದ್ದರು. ಇಪ್ಪತ್ತೆರಡು ವರ್ಷಕ್ಕೆ ಹನ್ನೆರಡು ನಿಮಿಷ ಕಡಿಮೆಯೇನಲ್ಲ. ನಮ್ಮ ಕಾಲೇಜಿಗೆ ಬಂದ ಮೇಲಧಿಕಾರಿಗಳು ಅಷ್ಟು ಹೊತ್ತು ಯಾವತ್ತೂ ಅದನ್ನು ನೋಡಿಲ್ಲ.

ಮಂಜುಳಾ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಮಿಶಿಗನ್ನಿನ ಟ್ರಾಯ್‌ನಲ್ಲಿ ಮನೆ, ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಪತ್ರದ ವಿಷಯ ಕೇಳಿದ್ದೇ ಫೋನು ಮಾಡಿ, "ಮೇಡಂ, ಮೊದ್ಲು ನಮ್ಮನೆಗೆ ಬನ್ನಿ, ವಾಷಿಂಗ್ಟನ್‌ಗೆ ನಾನೇ ಕರ್ಕೊಂಡ್ ಹೋಗ್ತೀನಿ, ಲೀವ್ ಅಪ್ಲೈ ಮಾಡಿದೀನಿ" ಎಂದಳು. ಬೇಡ ಎನ್ನುವುದಕ್ಕೆ ಬಾಗಿಲೇ ಬಿಡಲಿಲ್ಲ.

ಟ್ರಾಯ್‌ನಲ್ಲಿ ಮೊದಲ ದಿನವೇ ಬೆಳಿಗ್ಗೆ ವಾಕಿಂಗ್ ಹೊರಟೆ. ಎರಡೂ ಕಡೆ ಅರಮನೆಯಂಥ ಮನೆಗಳು, ಕತ್ತರಿಸಿಟ್ಟ ಹುಲ್ಲು, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಸತ್ತವರ ಮನೆಯ ಮುಂದೆಯಾದರೂ ನಮ್ಮಲ್ಲಿ ನಾಲ್ಕು ಜನ ನಿಂತಿರುತ್ತಾರೆ. ಹತ್ತು ನಿಮಿಷ ನಡೆದಿರಬೇಕು, ಒಂದು ಕಾರು ನಿಧಾನವಾಗಿ ಬಂದು ಪಕ್ಕದಲ್ಲಿ ನಿಂತಿತು. ಒಳಗಿದ್ದ ಹೆಂಗಸು ಗಾಜು ಇಳಿಸಿ, ಏನಾದರೂ ತೊಂದರೆಯೇ, ಗಾಡಿ ಕೆಟ್ಟಿದೆಯೇ ಎಂದು ಕೇಳಿದಳು. ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಅವಳು ನಂಬಲಿಲ್ಲ. ನಾನು ಮನೆ ತಲುಪುವವರೆಗೂ ಹಿಂದೆಯೇ ಬಂದಳು. ನಡೆಯುವ ಮನುಷ್ಯರನ್ನು ಕಂಡು ಗಾಬರಿಯಾಗುವ ಊರು ಇರುತ್ತದೆಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಭಾನುವಾರ ಮಾತ್ರ ಜನ ಕಂಡರು. ಮಂಜುಳಾ ಅಲ್ಲಿಯ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಪೂಜೆ ಮುಗಿದ ಮೇಲೆ ಕೆಳಗಿನ ಹಾಲಿನಲ್ಲಿ ಊಟ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದವು. ಕುಳಿತುಕೊಳ್ಳಲು ಜಾಗವಿಲ್ಲ. ಮಂಜುಳಾ ಇನ್ನೂ ಸಾಲಿನಲ್ಲಿದ್ದಳು. ನಾನು ಹೆಗಲ ಚೀಲದಿಂದ ಟವೆಲ್ ತೆಗೆದು ಖಾಲಿಯಾದ ಬೆಂಚಿನ ಮೇಲೆ ಹಾಕಿ, ಸಾರು ಹಾಕಿಸಿಕೊಳ್ಳಲು ಹೋದೆ. ತಿರುಗಿ ಬಂದಾಗ ಟವೆಲ್ ಇದ್ದಲ್ಲೇ ಇತ್ತು. ರೇಷ್ಮೆ ಸೀರೆಯ ಇಬ್ಬರು ಆಂಟಿಯರು ಅದನ್ನು ನೋಡಿ ಆಚೆ ಬೆಂಚಿಗೆ ಸರಿದಿದ್ದರು. ನನಗಾದ ಸಂತೋಷ ಹೇಳತೀರದು. ಅಪ್ಪನ ಕಾಯಿದೆ ಮಿಶಿಗನ್ನಿನಲ್ಲೂ ಚಾಲ್ತಿಯಲ್ಲಿದೆ ಎಂದುಕೊಂಡೆ. ಅಲ್ಲಿಯೇ ನಾನು ತಪ್ಪಿದ್ದು.

ಡೆಟ್ರಾಯಿಟ್

ಮನೆಯಿಂದ ವಿಮಾನ ನಿಲ್ದಾಣಕ್ಕೆ ನಲವತ್ತು ಮೈಲಿ. ದಾರಿಯುದ್ದಕ್ಕೂ ಮಂಜುಳಾ ಹೇಳಿದ್ದು ಒಂದೇ ಸಂಗತಿ: ಸೆಕ್ಯುರಿಟಿಯವರು ಡಬ್ಬಿ ತೆಗೆಸುತ್ತಾರೆ, ಆಗ ನೀವು ಮಾತಾಡಬೇಡಿ, ನಾನು ಮಾತಾಡುತ್ತೇನೆ. ನನಗೆ ಚುಚ್ಚಿತು. ಕಷ್ಟಪಟ್ಟು ಕಲಿತ ಇಂಗ್ಲಿಷನ್ನು ಬೇಕಾದ ದಿನವೇ ಬಾಯಲ್ಲಿ ಮುಚ್ಚಿಟ್ಟುಕೊಳ್ಳಬೇಕೇ?

ತೆಗೆಸಿದರು. ನಾನೇ ಮಾತಾಡಿದೆ. ಸಮಾವೇಶದವರು ಡಬ್ಬಿಯಲ್ಲಿರುವ ಸಾಮಾನುಗಳ ಪಟ್ಟಿ ಬರೆದು ಸಹಿ ಹಾಕಿ ಕಳಿಸಿದ್ದ ಪತ್ರ ಕೊಟ್ಟೆ. ಕೈಗವಸು ಹಾಕಿದ್ದ ಹೆಣ್ಣುಮಗಳು ಪಟ್ಟಿ ಓದಿ, ಒಂದೊಂದೇ ಬಾಟಲಿ ಬೆಳಕಿಗೆ ಹಿಡಿದು, ಮಕ್ಕಳಿಗೆ ಇದು ಇಷ್ಟವಾಗುತ್ತದೆಯೇ ಎಂದು ಕೇಳಿದಳು. ಬ್ಯಾಟರಿಗೆ ಸೇರಿಸಿದ ನೀರು ಗುಳ್ಳೆಗುಳ್ಳೆಯಾಗಿ ಒಡೆಯುವುದನ್ನು ಕಂಡ ಮೇಲೆ ಬೆಂಚು ಬಿಟ್ಟು ಏಳುವುದಿಲ್ಲ ಎಂದೆ. ನಕ್ಕು ಬಿಟ್ಟುಕೊಟ್ಟಳು. ಮಂಜುಳಾ ಕಡೆ ಒಂದು ನೋಟ ನೋಡಿದೆ.

"ಆ ಲೆಟರ್ ಕೈಯಲ್ಲಿಟ್ಕೊಳ್ಳಿ ಮೇಡಂ" ಎಂದಳು.

ಡಬ್ಬಿಯ ಕಾಗದ ಡಬ್ಬಿಯಲ್ಲೇ ಇರಬೇಕು ಎಂದು ಒಳಗಿಟ್ಟು ಮುಚ್ಚಳ ಹಾಕಿದೆ. ಡಬ್ಬಿಯನ್ನು ಜಿಪ್ಪಿನ ಕಪ್ಪು ಬ್ಯಾಗಿನಲ್ಲಿಟ್ಟೆ.

ರಾಜಧಾನಿಯ ನಿಲ್ದಾಣ

ವಾಷಿಂಗ್ಟನ್ನಿಗೆ ಹೊರದೇಶದ ವಿಮಾನಗಳು ಇಳಿಯುವ ದೊಡ್ಡ ನಿಲ್ದಾಣ ಊರಾಚೆ ಬೇರೆಯೇ ಇದೆಯಂತೆ. ನಾವು ಇಳಿದದ್ದು ಊರಿಗೆ ಅಂಟಿಕೊಂಡಿರುವ, ಹೆಚ್ಚಾಗಿ ಒಳನಾಡಿನ ವಿಮಾನಗಳೇ ಬರುವ ನಿಲ್ದಾಣದಲ್ಲಿ. ಇಳಿಯುವಾಗ ನದಿಯೊಂದು ಕಂಡಿತು. ವಿಮಾನ ನದಿ ತಿರುಗಿದ ಹಾಗೆಲ್ಲ ತಿರುಗುತ್ತಾ ಬಂತು. ಕಿಟಕಿಯಲ್ಲಿ ನೀರು, ನೀರು, ಮತ್ತೂ ನೀರು, ನೆಲವೇ ಇಲ್ಲ. ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದುಕೊಂಡೆ. ಪಕ್ಕದಲ್ಲಿದ್ದ ಟೈ ಕಟ್ಟಿದ ಗಂಡಸು ಪತ್ರಿಕೆಯ ಪುಟ ತಿರುಗಿಸಿದ. ಚಕ್ರ ನೆಲಕ್ಕೆ ತಾಗಿದ ಮೇಲೂ ಒಂದು ನಿಮಿಷ ನನ್ನ ಎದೆ ಹಾರುತ್ತಲೇ ಇತ್ತು.

ಸಮಾವೇಶದ ವ್ಯಾನು ಬರುವುದು ನಾಲ್ಕಕ್ಕೆ. ಆಗ ಎರಡೂವರೆ. ಹೊರಗಿನ ಹಾಲಿನಲ್ಲಿ ಕಾಯಬೇಕಿತ್ತು. ಎತ್ತರದ ಗಾಜಿನ ಗೋಡೆ, ಆಚೆ ರನ್‌ವೇ, ಅದರಾಚೆ ನದಿ. ಒಂದು ವಿಮಾನ ಇಳಿದು ಪಕ್ಕಕ್ಕೆ ಸರಿಯುವಷ್ಟರಲ್ಲಿ ಇನ್ನೊಂದು ನದಿಯ ತಿರುವಿನಲ್ಲಿ ಕಾಣುತ್ತಿತ್ತು, ಅದರ ಹಿಂದೆ ಮತ್ತೊಂದರ ದೀಪ. ನಮ್ಮಲ್ಲಿ ಸಂತೆಯ ದಿನವೂ ಬಸ್ಸುಗಳು ಹೀಗೆ ಒಂದರ ಬೆನ್ನಿಗೊಂದು ಬರುವುದಿಲ್ಲ. ಬಂದರೂ ಎರಡು ಮುಖಾಮುಖಿ ಸಿಕ್ಕಿಕೊಂಡು ಅರ್ಧ ಗಂಟೆ ಜಗಳ ನಡೆಯುತ್ತದೆ. ಇಲ್ಲಿ ಕೂಗಿಲ್ಲ, ಪೀಪಿಯಿಲ್ಲ, "ರೈಟ್ ರೈಟ್" ಎನ್ನುವವರಿಲ್ಲ. ಇಷ್ಟು ಚಿಕ್ಕ ಅಂಗಳದಲ್ಲಿ ಇಷ್ಟೊಂದು ವಿಮಾನ ಇಷ್ಟು ಮೌನವಾಗಿ ಹೇಗೆ ಓಡಾಡುತ್ತವೆ ಎಂದು ಬಾಯಿ ಬಿಟ್ಟುಕೊಂಡು ನೋಡಿದೆ.

ಕುರ್ಚಿಗಳು ಕಡಿಮೆ, ಜನ ಹೆಚ್ಚು. ಅಂತೂ ಪಕ್ಕಪಕ್ಕದಲ್ಲಿ ಎರಡು ಸಿಕ್ಕವು. ವ್ಯಾನು ಯಾವ ಬಾಗಿಲಿಗೆ ಬರುತ್ತದೆಂದು ಕೇಳಿ ಕಾಫಿಯನ್ನೂ ತರುತ್ತೇನೆ ಎಂದು ಮಂಜುಳಾ ಹೋದಳು. ಸ್ವಲ್ಪ ಹೊತ್ತಿಗೆ ನನಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಎದ್ದರೆ ಎರಡೂ ಕುರ್ಚಿ ಹೋದವೆಂದೇ ಲೆಕ್ಕ. ಹುಟ್ಟಿನಿಂದ ಕಂಡದ್ದನ್ನು ಮಾಡಿದೆ. ಒಂದು ಕುರ್ಚಿಯ ಮೇಲೆ ಬ್ಯಾಗಿಟ್ಟೆ, ಇನ್ನೊಂದರ ಮೇಲೆ ಟವೆಲ್ ಹಾಸಿದೆ. ಎದುರು ಕುರ್ಚಿಯಲ್ಲಿ ನನ್ನ ವಯಸ್ಸಿನ ಬಿಳಿಯ ಹೆಂಗಸೊಬ್ಬಳಿದ್ದಳು. ಅವಳಿಗೆ ಎರಡು ಬೆರಳು ತೋರಿಸಿ, ಇಬ್ಬರಿದ್ದೇವೆ ಎಂದೆ. ಅವಳು ನಕ್ಕಳು. ಒಪ್ಪಂದ ಆಯಿತೆಂದು ನಾನೂ ನಕ್ಕು ಹೊರಟೆ.

ಮೈಕಿನಲ್ಲಿ ಆಗಾಗ ಒಂದು ಪ್ರಕಟಣೆ ಬರುತ್ತಿದ್ದುದು ನಿಜ: ನಿಮ್ಮ ಸಾಮಾನನ್ನು ಬಿಟ್ಟು ಹೋಗಬೇಡಿ. ನನಗೆ ಅರ್ಥವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಬಸ್ ಸ್ಟ್ಯಾಂಡಿನಲ್ಲೂ ಜೇಬುಗಳ್ಳರಿದ್ದಾರೆ, ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು ಎಂದು ಕೂಗುತ್ತಾರಲ್ಲ, ಇದೂ ಅದೇ ಎಂದುಕೊಂಡೆ. ಕಳ್ಳರಿಗೆ ನನ್ನ ಇಂಜೆಕ್ಷನ್ ಬಾಟಲಿ ಯಾತಕ್ಕೆ ಬೇಕು?

ಬಾತ್‌ರೂಮಿನಿಂದ ಹೊರಬಂದವಳು ನೇರ ಬರಲಿಲ್ಲ. ದಾರಿಯಲ್ಲಿ ಗಾಜಿನ ಮುಂದೆ ನಿಂತು ಇನ್ನೂ ನಾಲ್ಕು ವಿಮಾನ ಇಳಿಯುವುದನ್ನು ನೋಡಿದೆ. ಒಟ್ಟು ಕಾಲು ಗಂಟೆ ಆಗಿರಬಹುದು.

ಪಟ್ಟಿಯ ಈಚೆ

ತಿರುಗಿ ಬಂದರೆ ಆ ಸಾಲಿನ ಕುರ್ಚಿಗಳೆಲ್ಲ ಖಾಲಿ. ಅದರ ಹಿಂದಿನ ಸಾಲೂ ಖಾಲಿ. ಇಡೀ ಹಾಲಿನ ನಡುವೆ ನನ್ನ ಬ್ಯಾಗು, ನನ್ನ ಟವೆಲ್, ಎರಡೇ. ಜನರೆಲ್ಲ ಅವುಗಳಿಂದ ದೂರ, ನಾನಿದ್ದ ಕಡೆ, ಹಳದಿ ಪಟ್ಟಿಯೊಂದರ ಈಚೆ ಒತ್ತೊತ್ತಾಗಿ ನಿಂತಿದ್ದಾರೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ಮೊದಲ ಕ್ಷಣ ನನಗನ್ನಿಸಿದ್ದು ಇಷ್ಟೇ: ಎಂಥ ಮರ್ಯಾದಸ್ಥ ಜನ, ಎರಡು ಕುರ್ಚಿ ಕೇಳಿದರೆ ಎರಡು ಸಾಲು ಬಿಟ್ಟಿದ್ದಾರೆ.

ಆಮೇಲೆ ನಾಯಿ ಕಂಡಿತು. ಕರಿಯ ನಾಯಿ, ಮೈಮೇಲೆ ಪೊಲೀಸರ ಅಂಗಿ. ಅದರ ಹಗ್ಗ ಹಿಡಿದ ಒಬ್ಬ, ರೇಡಿಯೋದಲ್ಲಿ ಮಾತಾಡುತ್ತಿದ್ದ ಇನ್ನೊಬ್ಬ, ಬಾಗಿಲು ಮುಚ್ಚುತ್ತಿದ್ದ ಇಬ್ಬರು. ಅವರೆಲ್ಲರ ಕಣ್ಣು ನನ್ನ ಟವೆಲ್ಲಿನ ಮೇಲೆ. ಎರಡು ಬೆರಳು ತೋರಿಸಿದಾಗ ನಕ್ಕಿದ್ದ ಹೆಂಗಸು ಪೊಲೀಸಿನವನ ಪಕ್ಕ ನಿಂತು ಕೈಮಾಡಿ ಏನೋ ವಿವರಿಸುತ್ತಿದ್ದಳು. ನಕ್ಕವಳೇ ಹೋಗಿ ಹೇಳಿದ್ದಳು.

ಮಂಜುಳಾ ಎರಡು ಕಾಫಿ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಬಂದಳು.

"ಸದ್ಯ, ನೀವಿಲ್ಲಿದೀರಾ. ಯಾರೋ ಬ್ಯಾಗ್ ಬಿಟ್ಟು ಹೋಗಿದಾರಂತೆ ಮೇಡಂ. ನಿಮ್ ಬ್ಯಾಗೆಲ್ಲಿ?"

ನಾನು ಗದ್ದ ಎತ್ತಿ ಆ ಕಡೆ ತೋರಿಸಿದೆ.

ಅವಳು ನೋಡಿದಳು. ಟವೆಲ್ ಗುರುತು ಹಿಡಿದಳು. ಅದು ಅವಳ ಮನೆಯ ಹಗ್ಗದ ಮೇಲೆ ನಾಲ್ಕು ದಿನ ಒಣಗಿದ ಟವೆಲ್.

"ಯಾಕ್ ಮೇಡಂ?"

"ನಿನಗೆ ಸೀಟು ಹಿಡಿದಿದ್ದೆ ಕಣಮ್ಮ."

ಹಿಂದೆ ನಿಂತಿದ್ದವರು ಏನೋ ಮಾತಾಡುತ್ತಿದ್ದರು. ಅದನ್ನು ಕೇಳಿಸಿಕೊಂಡು ಮಂಜುಳಾ ನನ್ನ ಕಿವಿಯಲ್ಲಿ ಹೇಳಿದಳು: ವಾರಸುದಾರರು ಸಿಗದಿದ್ದರೆ ಬೇರೆ ತಂಡ ಬರುತ್ತದಂತೆ, ಬ್ಯಾಗನ್ನು ಇದ್ದ ಹಾಗೇ ಒಡೆದು ಹಾಕುತ್ತಾರಂತೆ. ಅದು ನಿಜವೋ ಸುಳ್ಳೋ ಗೊತ್ತಿಲ್ಲ. ನನ್ನ ಕಣ್ಣಿಗೆ ಮಾತ್ರ ಒಂದೊಂದೇ ಬಾಟಲಿ ಕಂಡಿತು. ಆಸ್ಪತ್ರೆಯ ಆಯಾ ಹತ್ತಿರ ಕೇಳಿ ತಂದದ್ದು, ಕುದಿಸಿದ್ದು, ಬಿರಡೆಗೆ ತೂತು ಕೊರೆದು ಮೇಣ ಹಚ್ಚಿದ್ದು. ನಾಳೆ ಬೆಳಿಗ್ಗೆ ಹತ್ತಕ್ಕೆ ನನ್ನ ಹನ್ನೆರಡು ನಿಮಿಷ. ಬರಿಗೈಯಲ್ಲಿ ನಿಂತು ಏನು ತೋರಿಸಲಿ?

"ನೀವ್ ಸುಮ್ನಿರಿ. ನಾನ್ ಹೋಗಿ ನಂದು ಅಂತೀನಿ" ಎಂದಳು ಮಂಜುಳಾ. ಅವಳ ಗ್ರೀನ್ ಕಾರ್ಡಿನ ಅರ್ಜಿ ಆರು ವರ್ಷದಿಂದ ಕಾಯುತ್ತಿದೆಯೆಂದು ಹಿಂದಿನ ವಾರವಷ್ಟೇ ಹೇಳಿದ್ದಳು. ಪೊಲೀಸರ ಪುಸ್ತಕದಲ್ಲಿ ಅವಳ ಹೆಸರು ಬರೆಸುವುದೇ? ಟವೆಲ್ ಹಾಕಿದ ಕೈ ನನ್ನದು. ಪಟ್ಟಿಯ ಹತ್ತಿರ ಹೋಗಿ, ಪಾಠ ಹೇಳುವ ದನಿಯಲ್ಲೇ ಹೇಳಿದೆ: "ಸರ್, ದಟ್ ಬ್ಯಾಗ್ ಈಸ್ ಮೈ ಬ್ಯಾಗ್."

ಪೊಲೀಸಿನವನು ಆರಡಿ ಮೀರಿದ ಆಳು, ದನಿ ಮಾತ್ರ ಮೆತ್ತಗೆ. ಪಾಸ್‌ಪೋರ್ಟ್ ಕೇಳಿದ. ಅದು ಹೆಗಲ ಚೀಲದಲ್ಲಿತ್ತು, ಕೊಟ್ಟೆ. ಬ್ಯಾಗಿನಲ್ಲಿ ಏನಿದೆ ಎಂದು ಕೇಳಿದ.

ಪ್ರಯೋಗಶಾಲೆ ಎಂದೆ.

ಅವನ ಹುಬ್ಬು ಮೇಲೆ ಹೋಯಿತು. ಬಿಡಿಸಿ ಹೇಳಿ ಎಂದ. ಹೇಳಿದೆ. ಬಾಟಲಿ ಎಂದಾಗ ಒಂದು ಹೆಜ್ಜೆ ಹತ್ತಿರ ಬಂದ. ತಂತಿ ಎಂದಾಗ ರೇಡಿಯೋ ಬಾಯಿಗೆ ಹಿಡಿದ. ಬ್ಯಾಟರಿ ಎಂದಾಗ ನನ್ನ ಪಕ್ಕದಲ್ಲಿದ್ದ ಜನ ತಾವಾಗಿಯೇ ದೂರ ಸರಿದರು. ಸತ್ಯ ಹೇಳಿದಷ್ಟೂ ಕೆಡುವ ಪರೀಕ್ಷೆಯನ್ನು ನಾನು ಅದುವರೆಗೆ ಬರೆದಿರಲಿಲ್ಲ. ಪತ್ರ ಇದೆ ಸರ್, ಸಾಮಾನಿನ ಪಟ್ಟಿ ಇದೆ ಎಂದೆ. ಎಲ್ಲಿದೆ ಎಂದ. ಡಬ್ಬಿಯೊಳಗೆ ಎಂದೆ. ಮಂಜುಳಾ ಕಣ್ಣು ಮುಚ್ಚಿಕೊಂಡಳು.

ನಾಯಿಯನ್ನು ಬಿಟ್ಟರು. ಅದು ಬ್ಯಾಗಿಗೆ ಒಂದು ಸುತ್ತು ಬಂತು. ಜಿಪ್ಪನ್ನು ಮೂಸಿತು. ಟವೆಲ್ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಿತು. ಎಷ್ಟೋ ಫಲಿತಾಂಶಗಳಿಗೆ ನೋಟಿಸ್ ಬೋರ್ಡಿನ ಮುಂದೆ ಉಸಿರು ಬಿಗಿಹಿಡಿದು ನಿಂತವಳು ನಾನು. ನಾಯಿಯ ಮುಖ ನೋಡಿ ನಿಂತದ್ದು ಅದೇ ಮೊದಲು. ಕೊನೆಗೆ ಅದು ಒಂದು ಸಲ ಸೀನಿ, ಬಾಲ ಅಲ್ಲಾಡಿಸುತ್ತಾ ತನ್ನವನ ಹತ್ತಿರ ಹೋಯಿತು. ಪಾಸಾದೆ.

ಕೈಗವಸು ಹಾಕಿದ ಇಬ್ಬರು ಬ್ಯಾಗು ಬಿಚ್ಚಿ, ಡಬ್ಬಿಯ ಸಾಮಾನುಗಳನ್ನು ಕುರ್ಚಿಯ ಮೇಲೆ ಸಾಲಾಗಿ ಹರಡಿದರು. ಎಚ್ಚರದಿಂದಲೇ ಹರಡಿದರು. ಆದರೂ ಎರಡು ಬಾಟಲಿ ಉರುಳಿ ನೆಲಕ್ಕೆ ಬಿದ್ದು ಒಡೆದವು. ಎಲ್ಲ ಬಿಟ್ಟು ನೀರು ಒಡೆಯುವ ಪ್ರಯೋಗದ ಜೋಡಿಯೇ ಅದು. ಒಡೆದ ಸದ್ದಿಗೆ ಜನರೆಲ್ಲ ಬೆಚ್ಚಿಬಿದ್ದರು. ನಾನು ಬೆಚ್ಚಲಿಲ್ಲ, ಎಣಿಸಿದೆ: ಹದಿನಾಲ್ಕರಲ್ಲಿ ಒಂದು ಹೋಯಿತು, ಅದೇ ನಾಳೆ ತೋರಿಸಬೇಕಾದದ್ದು.

ಪತ್ರ ಓದಿದ ಮೇಲೆ ದೊಡ್ಡ ಪೊಲೀಸಿನವನು ಏಕೆ ಬಿಟ್ಟು ಹೋದಿರಿ ಎಂದು ಕೇಳಿದ. ಸೀಟು ಹಿಡಿಯಲು ಎಂದೆ. ಯಾರಿಗೆ? ಇವಳಿಗೆ. ಆದರೆ ಅಲ್ಲಿ ಯಾರೂ ಇರಲಿಲ್ಲವಲ್ಲ? ಟವೆಲ್ ಇತ್ತಲ್ಲ ಸರ್ ಎಂದೆ. ಅವನು ಟವೆಲ್ ನೋಡಿದ, ನನ್ನನ್ನು ನೋಡಿದ. ನಿಮ್ಮ ಊರಿನಲ್ಲಿ ಇದು ನಡೆಯುತ್ತದೆಯೇ ಎಂದು ನಿಜವಾಗಿಯೂ ತಿಳಿಯಲೆಂದೇ ಕೇಳಿದ. ನಡೆಯುತ್ತದೆ, ಅದರಿಂದಲೇ ನಾನು ಓದಿದ್ದು ಎಂದೆ. ಅದು ಅವನಿಗೆ ಎಷ್ಟು ಅರ್ಥವಾಯಿತೋ. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು ಹೇಳಿದ: "ಇಲ್ಲಿ ಬ್ಯಾಗಿನ ಜೊತೆ ಮನುಷ್ಯರು ಇರಬೇಕು, ಮೇಡಂ."

ಹಳದಿ ಪಟ್ಟಿ ಬಿಚ್ಚಿದ ಮೇಲೆ ನಕ್ಕಿದ್ದ ಹೆಂಗಸು ತಾನಾಗಿ ಹತ್ತಿರ ಬಂದಳು. ಬೇಸರ ಮಾಡಿಕೊಳ್ಳಬೇಡಿ, ಆದರೆ ನಾಳೆ ಮತ್ತೆ ಹೀಗೆ ಕಂಡರೂ ನಾನು ಹೋಗಿ ಹೇಳುತ್ತೇನೆ ಎಂದಳು. ಬೇಸರವಾಗಿತ್ತು. ಆದರೆ ಮುಖಕ್ಕೆ ಮುಖ ಕೊಟ್ಟು ಹೇಳಿದಳಲ್ಲ, ಅದಕ್ಕೆ ಅವಳ ಕೈ ಕುಲುಕಿದೆ.

ಹನ್ನೆರಡು ನಿಮಿಷ

ಬೆಳಿಗ್ಗೆ ಹೋಟೆಲಿನ ತಿಂಡಿಯ ಮೇಜಿನ ಮೇಲೆ ಬ್ರೆಡ್ಡಿನ ಪಕ್ಕ ಹೆಬ್ಬೆರಳು ಗಾತ್ರದ ಗಾಜಿನ ಬಾಟಲಿಗಳಿದ್ದವು. ಒಂದೊಂದರಲ್ಲೂ ಎರಡು ಚಮಚ ಜಾಮು. ನಾನು ಮಂಜುಳಾ ಮುಖ ನೋಡಿದೆ.

"ಬೇಡ ಮೇಡಂ. ಮತ್ತೆ ಶುರು ಮಾಡ್ಬೇಡಿ."

"ಜಾಮು ನೀನು ತಿನ್ನು. ಬಾಟಲಿ ನನಗೆ ಕೊಡು."

ಮೂರು ಬಾಟಲಿಯ ಜಾಮು ತಿಂದಳು ಪಾಪ. ಒಂದು ಹೆಚ್ಚಿಗೆ ಇರಲಿ ಎಂದು ಮೂರು. ಬಿಸಿ ನೀರಿನಲ್ಲಿ ತೊಳೆದೆ, ಉಳಿದಿದ್ದ ಮೇಣದಲ್ಲಿ ಪೆನ್ಸಿಲ್ ಕಡ್ಡಿ ಕೂರಿಸಿದೆ. ಹತ್ತಕ್ಕೆ ವೇದಿಕೆ ಹತ್ತಿದೆ. ನಿನ್ನೆ ನನ್ನ ಬಾಟಲಿ ಒಡೆದವು, ಇವು ಈ ದಿನದ ತಿಂಡಿಯ ಜಾಮಿನ ಬಾಟಲಿಗಳು ಎಂದು ಶುರು ಮಾಡಿದೆ. ನೀರು ತುಂಬಿ ಬ್ಯಾಟರಿ ಸೇರಿಸಿದೆ. ಎರಡು ಉಸಿರು ಎಳೆಯುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಡ್ಡಿಯ ಮೈಗೆ ಸಾಸಿವೆಯಂಥ ಗುಳ್ಳೆಗಳು ಕಟ್ಟಿಕೊಂಡು ಮೇಲೇರಿದವು. ಹಿಂದಿನ ಸಾಲಿನವರು ಎದ್ದು ಮುಂದೆ ಬಂದರು. ಕೂಡಿಟ್ಟ ಅನಿಲಕ್ಕೆ ಬೆಂಕಿಕಡ್ಡಿ ಗೀರಿ ಟಪ್ ಅನಿಸುವ ಭಾಗವನ್ನು ಮಾತ್ರ ಅಂದು ಕೈಬಿಟ್ಟೆ. ಹಿಂದಿನ ದಿನಕ್ಕೇ ಸಾಕಾಗಿತ್ತು.

ಹನ್ನೆರಡು ನಿಮಿಷ ಇಪ್ಪತ್ತಾಯಿತು. ಯಾರೂ ಗಂಟೆ ಹೊಡೆಯಲಿಲ್ಲ.

ಮತ್ತೆ ಅದೇ ನಿಲ್ದಾಣ

ಮರುದಿನ ಡೆಟ್ರಾಯಿಟ್ ವಿಮಾನಕ್ಕೆ ಅದೇ ನಿಲ್ದಾಣ. ಗೇಟಿನ ಹತ್ತಿರ ಕಾಲಿಡಲು ಜಾಗವಿಲ್ಲ, ವಿಮಾನ ತಡ. ಮತ್ತೆ ಪಕ್ಕಪಕ್ಕದಲ್ಲಿ ಎರಡು ಕುರ್ಚಿ ಸಿಕ್ಕವು. ಮಂಜುಳಾ ಕಾಫಿಗೆ ಹೊರಟವಳು ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು.

"ಏಳಲ್ಲ ತಾನೇ ಮೇಡಂ?"

"ಏಳಲ್ಲ ಹೋಗಮ್ಮ."

ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕುರ್ಚಿಗಳ ನಡುವೆ, ಅರ್ಧ ಇದರಲ್ಲಿ ಅರ್ಧ ಅದರಲ್ಲಿ ಕುಳಿತೆ. ಕೆಳಗಿನ ಕಬ್ಬಿಣದ ಪಟ್ಟಿ ಒತ್ತುತ್ತಿತ್ತು. ಬಾತ್‌ರೂಮಿಗೆ ಹೋಗಬೇಕೆನಿಸಿತು, ಹೋಗಲಿಲ್ಲ. ಗಾಜಿನಾಚೆ ವಿಮಾನಗಳು ಇಳಿಯುತ್ತಲೇ ಇದ್ದವು, ಆ ಕಡೆ ತಿರುಗಲಿಲ್ಲ. ದೂರದಲ್ಲಿ ಕಾಫಿಯ ಸಾಲಿನಲ್ಲಿ ಮಂಜುಳಾ ನಾಲ್ಕನೆಯವಳಾಗಿ ನಿಂತಿದ್ದಳು.

ಕೋಟು ಹಾಕಿದ ವಯಸ್ಸಾದ ಗಂಡಸೊಬ್ಬ ಬಂದು, ಇಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ಬಹಳ ವಿನಯದಿಂದ ಕೇಳಿದ. ಇಂಗ್ಲಿಷಿನಲ್ಲಿ ಉತ್ತರ ಸಿದ್ಧವಾಗಿತ್ತು. ಬಾಯಿಂದ ಬಂದದ್ದು ಬೇರೆ.

"ಜನ ಇದಾರೆ" ಎಂದೆ.

ಅವನು ಅರ್ಧ ಖಾಲಿಯಿದ್ದ ಆಚೆ ಕುರ್ಚಿಯನ್ನು ನೋಡಿದ, ಅದರ ಮೇಲೆ ಅಂಗೈ ಊರಿ ವಾಲಿಕೊಂಡು ಕುಳಿತಿದ್ದ ನನ್ನನ್ನು ನೋಡಿದ, ತಲೆಯಾಡಿಸಿ ಮುಂದೆ ಹೋದ. ಟವೆಲ್ ಬ್ಯಾಗಿನೊಳಗೆ, ಡಬ್ಬಿಯ ಕೆಳಗೆ, ನಾಲ್ಕು ಮಡಿಕೆಯಾಗಿ ಹಾಗೇ ಇತ್ತು.